ಖಾಲಿ ದೋಣಿ ಭರ್ತಿ

"ಈಗ ಆಗೂದಿಲ್ಲ, ಭರ್ತಿ ಅದೆ," ಎಂದ ದೋಣಿಯ ಮುದುಕ.

ಬಸವೇಶ್ವರಿ ದೋಣಿಯೊಳಗೆ ಇಣುಕಿದಳು. ಒಂದು ಹಗ್ಗ, ಒಂದು ಬಕೆಟ್ಟು. ಒಂದು ನರಪಿಳ್ಳೆಯೂ ಇಲ್ಲ!

ಅವಳಿಗೆ ಸಿಟ್ಟು ನೆತ್ತಿಗೇರಿತು. ಐದನೇ ಕ್ಲಾಸಿನವರೆಲ್ಲ ವಾಡಿಯಲ್ಲಿ ರೈಲು ಹತ್ತಿ, ಆಮೇಲೆ ಬಸ್ಸಿನಲ್ಲಿ ಕುಲುಕಾಡಿ ಇಲ್ಲಿಗೆ ಬಂದದ್ದು ಇದಕ್ಕಾ? ಹೊಳೆ ಸಮುದ್ರ ಸೇರುವ ಅಳಿವೆ ಇದು. ಆಚೆ ಪುಟ್ಟ ದ್ವೀಪ, ಅದರ ಮೇಲೆ ಅಕ್ವೇರಿಯಂ. ಸಂಜೆಗೆ ವಾಪಸ್ ರೈಲು. ಈಗ ನೋಡದಿದ್ದರೆ ಇನ್ನೆಂದೂ ಇಲ್ಲ.

"ಖಾಲಿ ಅದಲ್ರೀ ಅಜ್ಜಾ!"

"ಭರ್ತಿ ಇಳೀಲಿ ಮಗಾ, ಆಮೇಲೆ ಹೋಗುವಾ."

"ಯಾರ ಇಳೀಬೇಕು? ಯಾರೂ ಏರೇ ಇಲ್ಲಲ್ಲ!"

ಗೆಳತಿ ತಾಜುನ್ನಿಸಾ ಅವಳ ತೋಳು ಜಗ್ಗಿದಳು. "ಸುಮ್ನಿರು, ಟೀಚರ್ ನೋಡ್ಲಿಕತ್ತಾರ."

"ನೋಡ್ಲಿ! ನಮ್ಮ ರಾವೂರ ಟಂಟಂ ಆಟೋ ಭರ್ತಿ ಅಂದ್ರ ಮಂದಿ ಹೊರಗ ಜೋತಾಡ್ತಾರ. ಇಲ್ಲಿ ಖಾಲಿ ದೋಣಿನೂ ಭರ್ತಿ! ಯಾರೋ ದೊಡ್ಡ ಮಂದಿಗಿ ಇಟ್ಟಾನ."

ಸೀದಾ ಹೋಗಿ ಮುದುಕನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಸುಳ್ಳ ಹೇಳ್ತಿ ನೀ!"

"ಅಯ್ಯ ಶಿವನೇ!" ಎಂದರು ಅನಸೂಯಾಬಾಯಿ ಟೀಚರ್. ಹಾಲಿನವನಿಗೂ 'ರಿ' ಹಚ್ಚಿ ಮಾತಾಡುವ ಮನೆ ಬಸವೇಶ್ವರಿಯದು. ಇಷ್ಟು ವಯಸ್ಸಾದವರಿಗೆ 'ನೀ' ಅನ್ನುವುದೇ?

ಮುದುಕನ ಮುಖ ಸಣ್ಣದಾಯಿತು.

"ಸುಳ್ಳಲ್ಲ ಮಗಾ. ಸಮುದ್ರ ಏರಿದ್ರೆ ನಾವು ಭರ್ತಿ ಅಂತೇವೆ. ಅಲ್ಲಿ ನೋಡು, ದ್ವೀಪದ ಮೆಟ್ಟಿಲೆಲ್ಲ ಮುಳುಗಿವೆ. ನಿಮ್ಮನ್ನ ಎಲ್ಲಿ ಇಳಿಸ್ಲಿ, ಬಂಡೆ ಮೇಲಾ?"

ಬಸವೇಶ್ವರಿ ನೋಡಿದಳು. ದ್ವೀಪದ ಅಂಚಿನ ದೀಪದ ಕಂಬ ನೀರಿನಲ್ಲೇ ನಿಂತಿತ್ತು.

"ಮೊದಲೇ ಬಿಡಿಸಿ ಹೇಳಬಾರದಿತ್ತೇನು?" ಎಂದು ಗೊಣಗಿದಳು. "ಸಮುದ್ರ ಏರ್ತದ, ಇಳೀತದ ಅಂತ ರಾವೂರದಾಗ ಯಾರಿಗಿ ಗೊತ್ತು?"

ಎಲ್ಲರೂ ಬುತ್ತಿ ಬಿಚ್ಚಿ ರೊಟ್ಟಿ ತಿಂದರು. ಎರಡು ತಾಸು ಕಾದ ಮೇಲೆ ನೀರು ಇಳಿದು, ಪಾಚಿಗಟ್ಟಿದ ಮೆಟ್ಟಿಲುಗಳು ಮೇಲೆದ್ದವು. ಮುದುಕ ಒಬ್ಬೊಬ್ಬರನ್ನೇ ಕೈಹಿಡಿದು ದೋಣಿ ಹತ್ತಿಸಿದ, ದ್ವೀಪದಲ್ಲಿ ಹಾಗೆಯೇ ಇಳಿಸಿದ. ಬಸವೇಶ್ವರಿಯ ಕೈಯನ್ನೂ ಹಿಡಿದ. ಅವಳು ತಲೆ ಎತ್ತಲಿಲ್ಲ.

ಅಕ್ವೇರಿಯಂನಲ್ಲಿ ಚೆಂಡಿನಂತೆ ಉಬ್ಬಿದ ಒಂದು ಮೀನಿತ್ತು. "ನಿನ್ನಂಗೇ ಸಿಟ್ಟಿಗೆದ್ದದ ನೋಡು!" ಎಂದು ತಾಜುನ್ನಿಸಾ ಬಿದ್ದುಬಿದ್ದು ನಕ್ಕಳು. ಬಸವೇಶ್ವರಿಗೆ ನಗು ಬರಲಿಲ್ಲ. ಎಷ್ಟು ಆಸೆಪಟ್ಟು ಬಂದಿದ್ದಳು! ಯಾವ ಗಾಜಿನ ಮುಂದೆ ನಿಂತರೂ ಮುದುಕನ ಆ ಸಣ್ಣ ಮುಖವೇ ನೆನಪಾಗುತ್ತಿತ್ತು.

ವಾಪಸ್ ಹೊರಟಾಗ ಎಲ್ಲರೂ ಓಡಿಹೋಗಿ ದೋಣಿಯಲ್ಲಿ ಜಾಗ ಹಿಡಿದರು. ಅವಳು ಕೊನೆಗೆ ಬಂದಳು.

"ಅಜ್ಜಾರ," ಎಂದಳು ಮೆಲ್ಲಗೆ, "ನಾ ಎಲ್ಲಿ ಕುಂದ್ರಲ್ರೀ?"

ಮುದುಕ ಹೆಗಲ ಟವೆಲ್ಲು ತೆಗೆದು, ತನ್ನ ಪಕ್ಕದ ಒದ್ದೆ ಹಲಗೆಯನ್ನು ಒರೆಸಿದ.