ಕಂಕುಳಿನ ಕಪ್ಪು ಹಕ್ಕಳೆ

ಬೆಳಗ್ಗೆ ಗೇಟಿನಲ್ಲಿ ಸರಪಳಿ ಮಾತ್ರ ನೇತಾಡುತ್ತಿತ್ತು. ನಾಯಿ ಶೇರು ಇರಲಿಲ್ಲ. ಕೊಂಡಿಯನ್ನು ಯಾರೋ ನಿಧಾನವಾಗಿ ಬಿಚ್ಚಿದ್ದರು.

ನಾಸಿಕದ ಆ ಕಟ್ಟಡದ ಮೇಲಿನ ಮನೆಯೂ ನಾಯಿಯೂ ಬ್ಯಾಂಕ್ ಅಧಿಕಾರಿ ರಘೋತ್ತಮರವು. ಧಾರವಾಡದ ಕಡೆಯವರು. ಕೆಳಗೆ ಕರಾವಳಿ ಕಡೆಯ ದಿಗಂತನ ಅಪ್ಪನ ಹೋಟೆಲು.

"ರಾತ್ರಿ ಒಂದು ಸಲನೂ ಬೊಗಳಿಲ್ಲ. ಗುರುತಿನವರೇ ಒಯ್ದಾರ." ರಘೋತ್ತಮರ ಕಣ್ಣು ದಿಗಂತನ ಮೇಲಿತ್ತು. "ದಿನಾ ಇಡ್ಲಿ ಹಾಕಾಂವ ನೀನಽ."

"ಅದರ ಉಣ್ಣಿ ಕಿತ್ತವನೂ ನಾನೇ. ಔಷಧಿ ಹಾಕಿಸಿ ಅಂತ ಎಷ್ಟು ಸಲ ಹೇಳಿದೆ ಸರ್?"

"ಒಂಬತ್ತನೇ ಕ್ಲಾಸಿಗೇ ಸಾಲಿ ಬಿಟ್ಟಾಂವ ನನಗ ಬುದ್ಧಿ ಹೇಳ್ತಿ?"

ಸಂಜೆಯೊಳಗೆ ಪೊಲೀಸ್ ಚೌಕಿಯಲ್ಲಿ ದಿಗಂತನ ಹೆಸರಿತ್ತು. ಹೋಟೆಲಿನ ಗಿರಾಕಿಗಳು ಅವನ ಕೈಯನ್ನೇ ನೋಡತೊಡಗಿದರು. ಅವನ ಮೈ ಉರಿಯಿತು.

ನಾಯಿಮರಿ ಮಾರುವ ಅತುಲನ ಗೂಡುಗಳನ್ನು ಜಾಲಾಡಿದ. ಶೇರು ಸಿಗಲಿಲ್ಲ. ಬೊಗಳದೆ ಅದು ಮೂವರ ಜೊತೆಗಷ್ಟೇ ಹೋಗುವುದು: ರಘೋತ್ತಮ, ತಾನು, ಮತ್ತೆ ಅದನ್ನು ಮರಿಯಿಂದ ಆಡಿಸಿದ ರಘೋತ್ತಮರ ಸೋದರಳಿಯ ತನ್ಮಯ. ಅವನು ಸಂಭಾಜಿನಗರದ ಹಾಸ್ಟೆಲಿನಲ್ಲಿದ್ದ. ದೀಪಾವಳಿ ಆದ ಮೇಲೆ ನಾಸಿಕಕ್ಕೆ ಬಂದೇ ಇಲ್ಲವೆಂದು ದಿಗಂತನಿಗೆ ಫೋನಿನಲ್ಲಿ ಹೇಳಿದ್ದ.

*

ಎರಡು ವಾರದ ನಂತರ ಸುದ್ದಿ ಬಂತು. ತನ್ಮಯ ಆಸ್ಪತ್ರೆಯಲ್ಲಿ. ರಘೋತ್ತಮ ಕಾರಿನ ಕೀಲಿ ಹಿಡಿದು ಕೆಳಗೆ ಓಡಿ ಬಂದರು.

"ಕಾರು ನಾನು ಓಡಿಸ್ತೇನೆ," ಎಂದ ದಿಗಂತ.

"ನೀ ಯಾಕ?"

"ನನಗೂ ಅವನ ಮುಖ ನೋಡಬೇಕು."

ತನ್ಮಯನಿಗೆ ವಿಪರೀತ ಜ್ವರ, ತಲೆನೋವು. ಅಂಗೈ, ಅಂಗಾಲಿನಲ್ಲಿ ಕೆಂಪು ಚುಕ್ಕೆ. ಡೆಂಗ್ಯೂ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ.

"ನಾಯಿ, ದನ, ಹುಲ್ಲುಗಾಡು, ಯಾವುದರ ಹತ್ತಿರವಾದರೂ ಹೋಗಿದ್ದೆಯಾ?" ಡಾಕ್ಟರ್ ಪ್ರಾಚಿ ಮರಾಠಿಯಲ್ಲಿ ಕೇಳಿದರು.

"ಇಲ್ಲ. ನಿನ್ನೆನೂ ಹೇಳಿದೆನಲ್ಲ."

ಡಾಕ್ಟರ್ ಅವನ ತೋಳೆತ್ತಿದರು. ಕಂಕುಳಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ. ಪಕ್ಕದಲ್ಲೊಂದು ಸುಟ್ಟ ಕಲೆ.

"ಇದು ಉಣ್ಣಿ ಕಚ್ಚಿ ಬಂದ ಜ್ವರ. ಔಷಧಿ ಈಗಲೇ ಶುರುಮಾಡ್ತೇನೆ. ಇನ್ನೂ ತಡವಾಗಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು."

"ಆ ಸುಟ್ಟ ಕಲೆ ಎಂತದು?" ದಿಗಂತ ಕೇಳಿದ.

"ಸಿಗರೇಟು ತಾಗೇದ."

"ಕಂಕುಳಲ್ಲಿ ಯಾರು ಮಾರಾಯ ಸಿಗರೇಟು ಸೇದುದು?"

ತನ್ಮಯ ಗೋಡೆಯತ್ತ ಹೊರಳಿದ.

"ಉಣ್ಣಿ ಕಂಡಿದ್ದಿ. ಕಡ್ಡಿ ಗೀರಿ ಸುಟ್ಟಿದ್ದಿ. ಡಾಕ್ಟರು ಕೇಳಿದ್ರೆ ನಾಯಿಯೇ ಇಲ್ಲ ಅಂತಿ. ಜ್ವರದಲ್ಲಿ ಸಾಯ್ತಾ ಇದ್ದವ ಉಣ್ಣಿಯನ್ನು ಯಾಕೆ ಮುಚ್ಚಿಡುದು? ಉಣ್ಣಿ ಅಂದ್ರೆ ನಾಯಿ. ನಾಯಿ ಅಂದ್ರೆ ಶೇರು. ಎದೆಗೆ ಅವಚಿಕೊಂಡು ಹೋದಿ, ಕಂಕುಳಿಗೆ ಹತ್ತಿತು."



"ದೋಸ್ತನ ಫಾರ್ಮ್‌ಹೌಸಿನ್ಯಾಗ ಅದ, ಮಾಮಾ," ಎಂದ ತನ್ಮಯ ಕೊನೆಗೆ. "ಮರಿ ಹಾಕಸ್ಲಿಕ್ಕೆ ಬೇಕಂದ. ಮಾರಿದೆ."

"ಉಣ್ಣಿಯನ್ನು ಸುಡಬಾರದು," ಎಂದರು ಡಾಕ್ಟರ್, ಶೇರುವನ್ನು ತರಲು ಹೊರಟ ದಿಗಂತನ ಕೈಗೆ ಚಿಮಟಿಗೆ ಕೊಡುತ್ತ. "ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಬೇಕು. ಆಮೇಲೆ ಸೋಪಿನಿಂದ ತೊಳೆಯಬೇಕು. ಆ ಫಾರ್ಮ್‌ಹೌಸಿನಲ್ಲಿ ಯಾರಿಗಾದರೂ ಜ್ವರ ಇದ್ದರೆ ಕರೆದುಕೊಂಡು ಬಾ."

*

ಹೊರಗೆ ಬೆಂಚಿನ ಮೇಲೆ ದಿಗಂತ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿದ. ತೋಳಿನ ಗುಂಡಿ ಹಾಕಿದ.

"ಮನಿ ಮರ್ಯಾದಿ ಪ್ರಶ್ನೆ ಅದಪಾ," ರಘೋತ್ತಮರ ದನಿ ಇಳಿದಿತ್ತು. "ಚೌಕಿಗೆ ಹೇಳಬ್ಯಾಡ."

"ನಾನೆಂತಕ್ಕೆ ಹೇಳುದು ಸರ್? ನನ್ನ ಹೆಸರು ಕೊಟ್ಟವರು ನೀವು. ವಾಪಸ್ ತಕೊಳ್ಳುದೂ ನೀವೇ. ಯಾಕೆ ಅಂತ ಅವರು ಕೇಳ್ತಾರೆ. ಆಗ ತನ್ಮಯನ ಹೆಸರು ಹೇಳಿ."

ಅವನು ಕೈ ಚಾಚಿದ. ರಘೋತ್ತಮ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಅದರಲ್ಲಿ ಕಾರಿನ ಕೀಲಿ ಇಟ್ಟರು.