ಅರ್ಧ ನಿಂಬೆಹಣ್ಣು

ಸೋಮವಾರ ಬೆಳಗ್ಗೆ ಎಂಟೂವರೆಗೆ ದೀಪು ಕೊಲೆಯ ದೂರು ಕೊಡಲು ಠಾಣೆಗೆ ಬಂದಾಗ ಆರೋಪಿಯನ್ನೂ ಜೊತೆಗೇ ಎಳೆದು ತಂದಿದ್ದ. ಯಾದಗಿರಿ ಕಡೆಯ ಯಮನೂರ, ಕಂಬಿ ಕಟ್ಟುವ ಕೆಲಸದವನು, ಕುಂದಲಹಳ್ಳಿಯಲ್ಲಿ ದೀಪುವಿನ ಅಪ್ಪ ಲಕ್ಷ್ಮಯ್ಯನವರ ಮನೆಗೆ ಅಂಟಿದ ಬಾಡಿಗೆ ರೂಮಿನಲ್ಲಿದ್ದ. ಅಂಗಿ ತುಂಬ ರಕ್ತ. ಬಲಗೈಯ ಎರಡು ಬೆರಳು ಹಿಂದಕ್ಕೆ ಮುರಿದು ನಿಂತಿದ್ದವು.

“ನಮ್ಮಪ್ಪನ್ನ ಸಾಯಿಸ್ಬಿಟ್ಟವ್ನೆ ಮೇಡಂ. ಅಂಗಿ ನೋಡಿ, ಇನ್ನೇನ್ ಪ್ರೂಫ್ ಬೇಕು?”

“ಬೆರಳು ಮುರಿದಿದ್ದು ಯಾರು?” ಇನ್‌ಸ್ಪೆಕ್ಟರ್ ರಕ್ಷಿತಾ ಕೇಳಿದರು.

ದೀಪು ಗೋಡೆ ನೋಡಿದ.

“ಮಾಲಕ್ರು ನರಳೂದು ಕೇಳಿ ಎತ್ತಾಕ ಹೋಗಿದ್ನಿರೀ,” ಎಂದ ಯಮನೂರ. “ನನ್ನ ತೊಡಿ ಮ್ಯಾಲ ಜೀವ ಬಿಟ್ರು. ಇವ್ರಿಗೆ ಫೋನ್ ಮಾಡ್ದಾಂವನೂ ನಾನ ರೀ.”

ರಕ್ಷಿತಾಗೆ ಸಿಟ್ಟು ನೆತ್ತಿಗೇರಿತು. ತೋರಿಸಿಕೊಳ್ಳದೆ ಎಫ್‌ಐಆರ್ ದಾಖಲಿಸಿ, ಯಮನೂರನನ್ನು ಪೇದೆಯ ಕಾವಲಿನಲ್ಲಿ ಆಸ್ಪತ್ರೆಗೆ ಕಳಿಸಿದರು. ಅವನ ಹೆಂಡತಿ ಮಹಾನಂದಾ ಠಾಣೆಯ ಮೆಟ್ಟಿಲ ಮೇಲೆ ಕೂತವಳು ಏಳಲಿಲ್ಲ. ಬೆರಳು ಕೂಡದಿದ್ದರೆ ಗಂಡನ ಕೆಲಸ ಹೋಗುತ್ತದೆ, ಕೇಸು ಕೂಡಿದರೆ ಗಂಡನೇ ಹೋಗುತ್ತಾನೆ ಎಂಬುದು ಅವಳಿಗೆ ಯಾರೂ ಹೇಳದೆಯೇ ಗೊತ್ತಿತ್ತು.

ಹತ್ತಕ್ಕೆ ಲಕ್ಷ್ಮಯ್ಯನವರ ಮನೆಯಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಶವ ಮಂಚದ ಪಕ್ಕ ಬಿದ್ದಿತ್ತು. ಎಡಗಡೆ ಕಿವಿ ಯಾವುದು, ಕೆನ್ನೆ ಯಾವುದು ತಿಳಿಯುತ್ತಿರಲಿಲ್ಲ. ಪೈಪು ತಿರುಗಿಸುವ ದೊಡ್ಡ ಪಾನಾ ರಕ್ತ, ಕೂದಲು ಮೆತ್ತಿಕೊಂಡು ಬಾಗಿಲ ಬಳಿ ಇತ್ತು. ಹಲ್ಲುಗಳು ಮಂಚದ ಕೆಳಗೆ ಸಿಕ್ಕವು. ಮೇಜಿನ ಮೇಲೆ ಮಾತ್ರ ಎಲ್ಲ ಅಚ್ಚುಕಟ್ಟು. ಹಳೆಯ ಕೈಗಡಿಯಾರಗಳ ಬಿಸ್ಕತ್ತು ಡಬ್ಬ, ಅರ್ಧ ನಿಂಬೆಹಣ್ಣು, ಕೊಳೆಯಾದ ಹತ್ತಿಕಡ್ಡಿಗಳು, ಬಿಳಿ ಉಪ್ಪು ಹಿಡಿದ ಒಂದು ಗುಂಡಿ ಬ್ಯಾಟರಿ.

“ಎಣ್ಣೆ ಪಾರ್ಟಿ ಇರ್ಬೇಕು ಮೇಡಂ,” ಎಂದರು ಹೆಡ್ ಕಾನ್‌ಸ್ಟೇಬಲ್ ನೀಲಪ್ಪ.

“ಬಾಟ್ಲಿ ಎಲ್ಲಿ?”

ಬಾಟಲಿ ಇರಲಿಲ್ಲ. ನಿಂಬೆಯ ಸಿಪ್ಪೆ ಮೇಲೆ ರಕ್ತದ ಬೆರಳಚ್ಚಿತ್ತು. ಟಿವಿ ರಿಮೋಟಿನೊಳಗೆ ಬ್ಯಾಟರಿ ಸೋರಿದಾಗ ಇಂಥದೇ ಉಪ್ಪನ್ನು ರಕ್ಷಿತಾ ಮನೆಯಲ್ಲಿ ನಿಂಬೆರಸ ಹಚ್ಚಿ ಒರೆಸಿದ್ದರು. ಕಳ್ಳನಾದರೆ ವಾಚನ್ನು ಜೇಬಿಗಿಳಿಸಿ ಓಡುತ್ತಾನೆ. ಇವನು ನರಳುವ ಮನುಷ್ಯನನ್ನು ಪಕ್ಕದಲ್ಲೇ ಬಿಟ್ಟು, ಕೂತು ಅದನ್ನು ತೊಳೆದಿದ್ದ.

ಹೂಡಿಯ ಮಗಳ ಮನೆಯಿಂದ ಅಷ್ಟರಲ್ಲಿ ಬಂದಿದ್ದ ಲಕ್ಷ್ಮಯ್ಯನವರ ಹೆಂಡತಿ ಪಿಳ್ಳಮ್ಮ ಡಬ್ಬ ನೋಡಿ ಒಂದು ವಾಚಿಲ್ಲ ಎಂದರು.

“ಒಂದೊಂದು ಹೊಲ ಮಾರ್ದಾಗ್ಲೂ ಒಂದೊಂದು ಫಾರಿನ್ ವಾಚು ತಗೊಳೋರು ಕಣಮ್ಮ. ಕಟ್ತಿರ್ಲಿಲ್ಲ, ಮಡಗೋರು.”

“ಕೇಳ್ಕೊಂಡು ಯಾರಾದ್ರೂ ಬರ್ತಿದ್ರಾ?”

“ಪೀಣ್ಯದ ರಾಜೇಂದ್ರ ಅಂತ. ಡಬ್ಬ ಬಿಚ್ಚಿದ್ರೆ ಕಣ್ಣಲ್ಲಿ ನೀರ್ ಆಕ್ಕೊಳೋರು.”

“ಕೊಡ್ಲಿಲ್ವಾ?”

“ಒಂದ್ಸಲ ಮಾರಿದ್ ಹೊಲ, ಇನ್ನೊಂದ್ಸಲ ಯಾಕೆ ಮಾರ್ಲಿ ಅನ್ನೋರು.”

ಕರೆ ಕಳಿಸಿದ್ದಕ್ಕೆ ಮಧ್ಯಾಹ್ನ ರಾಜೇಂದ್ರ ಠಾಣೆಗೆ ಬಂದ. ಪೀಣ್ಯದಲ್ಲಿ ಲೇತ್ ಶೆಡ್ಡಿನ ಮಾಲೀಕ, ಇಸ್ತ್ರಿ ಅಂಗಿ, ಮೆಲುಮಾತು. ಡಬ್ಬದ ಇನ್ನೊಂದು ವಾಚನ್ನು ರಕ್ಷಿತಾ ಪಿಳ್ಳಮ್ಮನಿಂದ ಕೇಳಿ ತಂದು, ಹಿಂಬದಿ ಮುಚ್ಚಳ ತೆಗೆಸಿ ಮೇಜಿನ ಮೇಲಿಟ್ಟಿದ್ದರು. ಅದರ ಬ್ಯಾಟರಿಯೂ ಸೋರಿತ್ತು.

“ಬೆಳಗ್ಗೆ ಎಲ್ಲಿದ್ರಿ?”

“ಶೆಡ್ಡಲ್ಲಿ.”

“ಲಕ್ಷ್ಮಯ್ಯನವರ ಮನೆಗೆ ಹೋಗಿದ್ದು?”

“ತಿಂಗಳಾಯ್ತು ಮೇಡಂ.” ಕಣ್ಣು ವಾಚಿನ ಮೇಲಿತ್ತು.

“ಏನಿದೆ ಇದರಲ್ಲಿ ಅಂಥದ್ದು?”

“ಎಂಬತ್ತರ ಕಾಲದ ಕ್ವಾರ್ಟ್ಜ್ ಕ್ರೋನೋಗ್ರಾಫ್. ಒಂದೊಂದು ಚಿಕ್ಕ ಮುಳ್ಳಿಗೂ ಬೇರೆ ಬೇರೆ ಮೋಟರ್. ಬಟನ್ ಒತ್ತಿದ್ರೆ ಎಲ್ಲಾ ಮುಳ್ಳು ಸರಿಯಾಗಿ ಸೊನ್ನೆಗೆ ಬಂದು ನಿಲ್ಲತ್ತೆ. ದಿನವೆಲ್ಲ ಲೇತ್ ಮುಂದೆ ನಿಲ್ಲೋನಿಗೆ ಅದರ ಸುಖ ಗೊತ್ತಾಗತ್ತೆ. ಈಗ ಇದಕ್ಕೆ ಪಾರ್ಟ್ಸೂ ಸಿಗಲ್ಲ, ಹಾಳಾದ್ರೆ ಹಾಳೇ.”

ರಕ್ಷಿತಾ ಬೇಕೆಂದೇ ನೀಲಪ್ಪನ ಜೊತೆ ಬೇರೆ ಕೇಸಿನ ಮಾತು ತೆಗೆದರು. ರಾಜೇಂದ್ರ ಕುರ್ಚಿಯಲ್ಲಿ ಚಡಪಡಿಸಿದ. ಕೊನೆಗೆ ತಡೆಯಲಾಗಲಿಲ್ಲ.

“ಮೇಡಂ, ಸೋರಿದ್ದು ಕಾಯಿಲ್‌ಗೆ ಇಳೀತಿದೆ. ಒಂದು ನಿಂಬೆಹಣ್ಣು ತರಿಸಿ.”

“ಎಷ್ಟು ಬೇಕು?”

“ಅರ್ಧ ಸಾಕು.”

“ಬೆಳಗ್ಗೆ ಅವರ ಮನೇಲೂ ಅರ್ಧವೇ ಸಾಕಾಯ್ತು, ಅಲ್ವಾ?”

ಅವನ ಕೈ ಮೇಜಿನ ಮೇಲೆಯೇ ನಿಂತಿತು. ಆಮೇಲೆ ಬಂದ ಮಾತು ತೀರ ಸಣ್ಣದಾಗಿತ್ತು.

“ಡಬ್ಬದಲ್ಲಿಟ್ಟು ಕೊಳೆಸ್ತಿದ್ದ. ಕ್ಲೀನ್ ಮಾಡಿ ವಾಪಸ್ ಕೊಡ್ತೀನಿ ಅಂದೆ. ಕಿತ್ಕೊಂಡು ನನ್ನನ್ನ ಆಚೆ ತಳ್ಳಿದ. ಪಾನಾ ಬಾಗಿಲ ಹತ್ರ ಇತ್ತು.”

“ನೀವು ವಾಚು ಒರೆಸ್ತಿದ್ದಾಗ ಅವರಿನ್ನೂ ನರಳ್ತಿದ್ರು.”

“ಕೇಳಿಸ್ತಿತ್ತು. ತಡ ಮಾಡಿದ್ರೆ ಇದು ಹೋಗ್ಬಿಡ್ತಿತ್ತು ಮೇಡಂ.”

ಸಂಜೆ ಶೆಡ್ಡಿನಲ್ಲಿ ರಕ್ತದ ಪ್ಯಾಂಟೂ ಹೊಸ ಬ್ಯಾಟರಿ ಹಾಕಿದ್ದ ವಾಚೂ ಸಿಕ್ಕವು. ಭಾರತೀಯ ನ್ಯಾಯ ಸಂಹಿತೆ ಕಲಂ ೧೦೩ರಡಿ ಬಂಧನವಾಯಿತು. ಯಮನೂರನನ್ನು ಬಿಟ್ಟರು. ಒಂದು ಬೆರಳು ಮತ್ತೆ ಮಡಚುವುದು ಅನುಮಾನ ಎಂದಿದ್ದರು ಡಾಕ್ಟರು. ಅದರ ಲೆಕ್ಕಕ್ಕೆ ರಕ್ಷಿತಾ ದೀಪುವಿನ ಮೇಲೆ ಬೇರೆಯೇ ಎಫ್‌ಐಆರ್ ಹಾಕಿದರು. ಮಹಾನಂದಾ ಗಂಡನ ಬ್ಯಾಂಡೇಜು ಕೈಯನ್ನು ಸೆರಗಿನಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದಳು.

ಠಾಣೆಯಲ್ಲಿದ್ದಷ್ಟು ಹೊತ್ತೂ ರಾಜೇಂದ್ರ ಕೇಳಿದ್ದು ಒಂದೇ, ವಾಚನ್ನು ತೇವವಿಲ್ಲದ ಕಡೆ ಇಟ್ಟಿದ್ದೀರಾ ಎಂದು. ಸತ್ತವರ ಹೆಸರು ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಒಂದು ವಸ್ತುವನ್ನು ಅಷ್ಟು ಪ್ರೀತಿಸಿದವನಿಗೆ ಬೇರೇನೂ ಕಾಣದೆ ಹೋಗಿತ್ತು.

ಗುರುತು ಹಿಡಿಯಲು ಪಿಳ್ಳಮ್ಮನನ್ನು ಕರೆಸಿದರು. ಅವರು ವಾಚನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

“ಇದು ಬಾವಿ ಮಗ್ಗುಲ ರಾಗಿ ಹೊಲ,” ಎಂದರು. ಆಮೇಲೆ ಕಿವಿಗೆ ಹಿಡಿದರು. “ಓಡ್ತಾ ಐತೆ ಕಣಮ್ಮ. ಅವ್ರಿರೋಗಂಟ ಒಂದಿನಾನೂ ಓಡಿರ್ಲಿಲ್ಲ.”

ನೀಲಪ್ಪ ಕಾಗದ ಮುಂದಿಟ್ಟರು. ಪಿಳ್ಳಮ್ಮ ಹೆಬ್ಬೆಟ್ಟು ಒತ್ತಿ, ವಾಚನ್ನು ವಾಪಸ್ ಕೊಟ್ಟರು.