ಅಂಚಿನಲ್ಲಿ ಏನೂ ಇಲ್ಲದ ಡಾಲರ್

“ಆರ್ನೆ, ಇದರ ಅಂಚಲ್ಲಿ ಅಕ್ಷರ ಇದ್ಯಲ್ಲೋ!”

ಮಿಸೆಸ್ ಟಾಲೆಫ್ಸನ್ ಹೀಗೆಂದದ್ದೇ ತಡ, ಲೈಬ್ರರಿಯ ನೆಲಮಾಳಿಗೆಯಲ್ಲಿ ಎಲ್ಲರ ಮಾತೂ ನಿಂತುಹೋಯಿತು. ಡೋನಟ್ ತಿನ್ನುತ್ತಿದ್ದವರು ಅಗಿಯುವುದನ್ನೂ ಮರೆತರು. ಬ್ರಿಟಾ ತಟ್ಟನೆ ಅಜ್ಜ ಆರ್ನೆಯ ಕಡೆ ತಿರುಗಿದಳು.

“ಅಕ್ಷರಾನಾ? ಸರಿಯಾಗಿ ನೋಡು,” ಎಂದರು ಅಜ್ಜ.

“ಭೂತಗನ್ನಡಿ ಇಟ್ಕೊಂಡೇ ನೋಡ್ತಿದೀನಿ. ಇಸವಿ ಇದೆ, ಫಿಲಡೆಲ್ಫಿಯಾ ಟಂಕಸಾಲೆ ಗುರುತಿದೆ, ಎಲ್ಲಾ ಇದೆ. ಇದು ಮಾಮೂಲಿ ಡಾಲರ್ ಕಣೋ. ನನ್ನ ಅಂಗಡೀಲಿ ಡಬ್ಬಿ ತುಂಬಾ ಬಿದ್ದಿದೆ.”

ಡುಲುತ್ ಊರಿನ ನಾಣ್ಯ ಕ್ಲಬ್ಬಿನವರು ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಇಲ್ಲಿ ಸೇರುತ್ತಾರೆ. ಯಾರ ಸೆಟ್ಟು ಪೂರ್ತಿಯಾಗಿದೆ, ಅದಕ್ಕೆಷ್ಟು ಬೆಲೆ ಎಂದು ಹೇಳುವವರು ನಾಣ್ಯದಂಗಡಿಯ ಮಿಸೆಸ್ ಟಾಲೆಫ್ಸನ್. ಇವತ್ತು ಅಜ್ಜನ ಸರದಿ. ಅಮೆರಿಕದ ಅಧ್ಯಕ್ಷರ ಮುಖವಿರುವ ಡಾಲರ್ ನಾಣ್ಯಗಳು ನಲವತ್ತು ಬಗೆ, ಎರಡು ಟಂಕಸಾಲೆಗಳಿಂದ ಒಂದೊಂದು. ಒಟ್ಟು ಎಂಬತ್ತು ನಾಣ್ಯ ಆಲ್ಬಮ್ಮಿನ ಗುಂಡಿಗಳಲ್ಲಿ ಫಳಫಳ ಹೊಳೆಯುತ್ತಿದ್ದವು.

ಆದರೆ ಅಜ್ಜನ ಹೆಮ್ಮೆ ಇದ್ದದ್ದು ಮೊದಲ ಗುಂಡಿಯ ನಾಣ್ಯದ ಮೇಲೆ. ಅಂಚಿನಲ್ಲಿ ಅಕ್ಷರ ಒತ್ತುವುದನ್ನೇ ಟಂಕಸಾಲೆ ಮರೆತುಬಿಟ್ಟಿದ್ದ ನಾಣ್ಯ ಅದು! ಸೆಟ್ಟು ಪೂರ್ತಿಯಾಗುವ ತನಕ ಯಾರಿಗೂ ತೋರಿಸುವುದಿಲ್ಲ ಎಂದು ಹಟ ಹಿಡಿದಿದ್ದರು. ಕ್ಲಬ್ಬಿನಲ್ಲಿ ಅದರ ಕಥೆ ಹೇಳುತ್ತಿದ್ದರಾದರೂ, ಮೊಮ್ಮಗಳು ಬ್ರಿಟಾಳಿಗೆ ಮಾತ್ರ ಹೇಳಿರಲಿಲ್ಲ. “ಈ ಆಲ್ಬಮ್ಮಲ್ಲಿ ಒಂದು ಗುಟ್ಟಿದೆ ಪುಟ್ಟಿ, ಶನಿವಾರ ನೋಡು,” ಎಂದಷ್ಟೇ ಅಂದಿದ್ದರು.

“ವರ್ಷಗಟ್ಟಲೆ ಇದರ ಪುರಾಣ ಕೇಳಿದ್ದೇ ಬಂತು,” ಎಂದು ನಕ್ಕರು ಅಜ್ಜನ ಗೆಳೆಯ ಗಸ್. “ಹೋಗ್ಲಿ ಬಿಡೋ ಆರ್ನೆ, ವಯಸ್ಸಾಯ್ತು. ಮೊನ್ನೆ ನಾನೂ ಕನ್ನಡಕಾನ ಫ್ರಿಜ್ಜಲ್ಲಿಟ್ಟು ಮನೆಯೆಲ್ಲಾ ಹುಡುಕ್ದೆ.”

ಗಸ್ ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೂ ಅಜ್ಜನ ಮುಖ ಬಿಳಿಚಿಕೊಂಡಿತು. ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೂತರು.

“ಹೊಸ ಡಾಲರ್ ಬಂದ ದಿನ ಬ್ಯಾಂಕಿನ ಮುಂದೆ ಕ್ಯೂ ನಿಂತಿದ್ವಿ. ಹಿಮ ಬೀಳ್ತಿತ್ತು. ಇವಳಜ್ಜಿ ಕೈಗವಸು ತೆಗೆದು ನಾಣ್ಯ ಸವರಿದ್ಲು. ‘ಆರ್ನೆ, ಇದು ಬೋಳು!’ ಅಂತ ನಕ್ಲು.” ಅಜ್ಜ ಬ್ರಿಟಾಳ ಕಡೆ ತಿರುಗಿದರು. “ನಂಗೆ ಚೆನ್ನಾಗಿ ನೆನಪಿದೆ. ಅದೂ ಸುಳ್ಳೇನೇ ಪುಟ್ಟಿ?”

ಅಜ್ಜಿ ತೀರಿಕೊಂಡು ಮೂರು ವರ್ಷವಾಗಿತ್ತು. ಬ್ರಿಟಾ ಬೇರೆ ಕಡೆ ಮುಖ ತಿರುಗಿಸಿದಳು. ಯಾಕೆಂದರೆ ಆ ನಾಣ್ಯ ಎಲ್ಲಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಭಾನುವಾರ ತಮ್ಮ ನೆಲ್ಸ್‌ನ ಮುಂದಿನ ಹಲ್ಲು ಬಿದ್ದಿತ್ತು. ಬಿದ್ದ ಹಲ್ಲನ್ನು ದಿಂಬಿನಡಿ ಇಟ್ಟು ಮಲಗಿದರೆ ಹಲ್ಲಿನ ಕಿನ್ನರಿ ಅದನ್ನು ಒಯ್ದು, ಬಂಗಾರ ಬಣ್ಣದ ಒಂದು ಡಾಲರ್ ಇಟ್ಟು ಹೋಗಬೇಕು. ಅಮ್ಮ ನರ್ಸ್. ಆಸ್ಪತ್ರೆಯಲ್ಲೇ ಉಳಿದುಬಿಟ್ಟವಳು ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಪಿಸುಗುಟ್ಟಿದ್ದಳು. “ಬ್ರಿಟಾ, ಮರ್ತೇಬಿಟ್ಟೆ ಕಣೆ! ಜಾಡೀಲಿ ಡಾಲರ್ ಇರತ್ತೆ. ಅವನು ಏಳೋದ್ರೊಳಗೆ ಇಟ್ಬಿಡು. ನೀನೇ ಇವತ್ತು ಕಿನ್ನರಿ.”

ಜಾಡಿ ಖಾಲಿಯಿತ್ತು. ನೆಲ್ಸ್ ಆಗಲೇ ಹೊರಳಾಡುತ್ತಿದ್ದ. ಅಜ್ಜ ಇನ್ನೂ ಎದ್ದಿರಲಿಲ್ಲ. ಬ್ರಿಟಾ ಓಡಿ ಹೋಗಿ ಅವರ ಆಲ್ಬಮ್ ತೆರೆದಳು. ಅಜ್ಜ ಕಲಿಸಿಕೊಟ್ಟ ಹಾಗೇ ಹತ್ತಿಯ ಕೈಗವಸು ಹಾಕಿಕೊಂಡಳು. ನಾಣ್ಯದ ಮುಖ ಮುಟ್ಟದೆ, ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಮೊದಲ ಗುಂಡಿಯದನ್ನು ತೆಗೆದಳು.

ಮಂಗಳವಾರ ಶಾಲೆಯಿಂದ ಬರುವಾಗ ಮಿಸೆಸ್ ಟಾಲೆಫ್ಸನ್ ಅಂಗಡಿಯ ಡಬ್ಬಿಯಿಂದ ಅಂಥದ್ದೇ ಇನ್ನೊಂದು ಕೊಂಡಳು. ಅದೇ ಮುಖ, ಅದೇ ಬಣ್ಣ. ಗುಂಡಿಯಲ್ಲಿ ಕೂರಿಸಿದ ಮೇಲೆ ಅಂಚು ಯಾರಿಗೆ ಕಾಣುತ್ತದೆ? ಕೆಲಸ ಮುಗಿಯಿತು ಎಂದುಕೊಂಡಿದ್ದಳು.

ಈಗ ಮಿಸೆಸ್ ಟಾಲೆಫ್ಸನ್ ಕನ್ನಡಕದ ಮೇಲಿಂದ ಅವಳನ್ನೇ ನೋಡುತ್ತಿದ್ದರು. “ಮಂಗಳವಾರ...” ಎಂದು ಬಾಯಿ ತೆರೆದವರು ಸುಮ್ಮನಾದರು.

ನಿಜ ಹೇಳೋಣವೆಂದರೆ ಪಕ್ಕದಲ್ಲೇ ನೆಲ್ಸ್ ನಿಂತಿದ್ದ. ಕೆನ್ನೆ ಮೂಗೆಲ್ಲ ಡೋನಟ್‌ನ ಸಕ್ಕರೆ ಪುಡಿ. ‘ಕಿನ್ನರಿ ನಾನೇ’ ಅಂದರೆ ಇವನ ಕಿನ್ನರಿ ಇವತ್ತಿಗೆ ಮುಗಿದಳು. ಹೇಳದಿದ್ದರೆ ಅಜ್ಜ ತನಗೆ ಮರೆವು ಬಂತೆಂದೇ ನಂಬಿಬಿಡುತ್ತಾರೆ. ಅಜ್ಜ ಆಲ್ಬಮ್ಮಿನ ಖಾಲಿ ಗುಂಡಿಯನ್ನೇ ದಿಟ್ಟಿಸುತ್ತಿದ್ದರು. ಅದನ್ನು ನೋಡಲು ಬ್ರಿಟಾಳಿಂದ ಆಗಲಿಲ್ಲ.

“ಅಜ್ಜ, ನೀನು ಏನೂ ಮರ್ತಿಲ್ಲ!” ಅವಳ ದನಿ ಅವಳಿಗೇ ಜೋರೆನಿಸಿತು. “ನೆಲ್ಸ್, ಕಿನ್ನರಿ ಕೊಟ್ಟಿದ್ದನ್ನ ಅಜ್ಜಂಗೆ ತೋರ್ಸು.”

“ತೋರ್ಸಲ್ಲ. ಯಾರಿಗೂ ಕೊಡ್ಬೇಡ ಅಂತ ನೀನೇ ಹೇಳಿದ್ದೆ.”

“ಕೊಡೋದು ಬೇಡ್ವೋ. ತೋರ್ಸು, ಅಷ್ಟೆ.”

ನೆಲ್ಸ್ ತನ್ನ ಉಣ್ಣೆಯ ಕೈಗವಸಿನೊಳಗಿಂದ ನಾಣ್ಯ ತೆಗೆದ. ಎಲ್ಲರೂ ತನ್ನನ್ನೇ ನೋಡುತ್ತಿದ್ದದ್ದು ಕಂಡು ಉಬ್ಬಿಹೋದ.

“ಕಿನ್ನರಿಯೆಲ್ಲ ಸುಳ್ಳು, ಅಮ್ಮಾನೇ ಇಡೋದು ಅಂತ ನಮ್ಮ ಕ್ಲಾಸಿನ ಓವನ್ ಹೇಳ್ದ. ಅವನೇ ಸುಳ್ಳ! ಅಮ್ಮಂದಿರ ದುಡ್ಡಿನ ಸುತ್ತ ಅಕ್ಷರ ಇರತ್ತೆ. ಇದರ ಅಂಚು ಮುಟ್ಟಿ ನೋಡಿ. ಏನೂ ಇಲ್ಲ! ಇದು ಅಸಲಿ ಕಿನ್ನರಿ ದುಡ್ಡು.”

ಅಜ್ಜ ನಿಂತೇಬಿಟ್ಟರು. ಗಸ್ ತಲೆ ಮೇಲಿನ ಟೋಪಿ ತೆಗೆದರು. ಮಿಸೆಸ್ ಟಾಲೆಫ್ಸನ್ ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿ, ಚೀರಿದರು.

“ಬೋಳು! ಪೂರ್ತಿ ಬೋಳು! ಅಯ್ಯೋ ದೇವರೇ, ಇದಕ್ಕೆ ಸಕ್ಕರೆ ಅಂಟಿದೆ! ಮುಖದ ಮೇಲೆ ಹೆಬ್ಬೆಟ್ಟು! ಇದೇನಿದು, ಗೀರು ಬೇರೆ!”

“ನಾನು ಇದನ್ನ ರಸ್ತೇಲಿ ಉರುಳಿಸ್ದೆ,” ಎಂದ ನೆಲ್ಸ್. “ಚೆನ್ನಾಗಿ ಉರುಳತ್ತೆ.”

ಕ್ಲಬ್ಬಿನವರೆಲ್ಲ ತಮಗೇ ಪೆಟ್ಟು ಬಿದ್ದಂತೆ ‘ಹಾ’ ಎಂದರು. ಬರೀ ಬೆರಳಲ್ಲಿ ನಾಣ್ಯ ಮುಟ್ಟಿದವರನ್ನು ತಿಂಗಳುಗಟ್ಟಲೆ ಆಡಿಕೊಳ್ಳುವ ಜನ ಅವರು.

“ಇದ್ದ ಬೆಲೇಲಿ ಅರ್ಧಾನೂ ಉಳೀಲಿಲ್ಲ ಆರ್ನೆ,” ಎಂದರು ಮಿಸೆಸ್ ಟಾಲೆಫ್ಸನ್.

ಅಜ್ಜ ನಾಣ್ಯವನ್ನು ನೋಡಿದರು. ಆಮೇಲೆ ಬ್ರಿಟಾಳನ್ನು ನೋಡಿದರು. ಅವಳು ತಲೆ ತಗ್ಗಿಸಿದಳು. ನೆಲ್ಸ್ ಕೈ ಚಾಚಿದ.

“ಕೊಡು ಅಜ್ಜ. ನನ್ನ ಹಲ್ಲಿನದು ಅದು.”

“ಹೌದಪ್ಪ,” ಎಂದರು ಅಜ್ಜ. “ಹಲ್ಲು ಕೊಟ್ಟಾಯ್ತಲ್ಲ. ನಿಂದೇ. ಓವನ್‌ಗೆ ಏನ್ ಗೊತ್ತು!”

ನಾಣ್ಯ ನೆಲ್ಸ್‌ನ ಕೈಗವಸಿನೊಳಕ್ಕೆ ಹೋಯಿತು. ಗಸ್ ಕೆಮ್ಮಿ, “ನಾನು ಆಡಿದ್ದು ತಪ್ಪಾಯ್ತು ಕಣೋ,” ಎಂದರು. ಮಿಸೆಸ್ ಟಾಲೆಫ್ಸನ್ ಮಾಮೂಲಿ ಡಾಲರನ್ನು ಮತ್ತೆ ಮೊದಲ ಗುಂಡಿಯಲ್ಲಿ ಒತ್ತಿದರು.

“ಬೋಳು ನಾಣ್ಯಕ್ಕೆ ಟಂಕಸಾಲೆ ಗುರುತೇ ಇರಲ್ಲ, ಸೆಟ್ಟಿನ ಲೆಕ್ಕಕ್ಕೆ ಬರಲ್ಲ. ನಿಯಮದ ಪ್ರಕಾರ ನಿನ್ನ ಸೆಟ್ಟು ಪೂರ್ತಿಯಾಗಿದ್ದು ಈ ಮಂಗಳವಾರವೇ,” ಎಂದರು. ಅಜ್ಜ ನಕ್ಕರು. ಬ್ರಿಟಾಳಿಗೆ ನಗು ಬರಲಿಲ್ಲ.

ಹೊರಗೆ ನೆಲ್ಸ್ ಹಿಮ ತುಳಿಯುತ್ತ ಕಾರಿನ ಕಡೆ ಓಡಿದ. ಬ್ರಿಟಾ ಅಜ್ಜನ ತೋಳು ಹಿಡಿದು ನಿಲ್ಲಿಸಿದಳು.

“ಅಜ್ಜ, ಅದು... ನಾನೇ.”

“ಗೊತ್ತು.”

“ನೀನು ಹೇಳಿಕೊಟ್ಟ ಹಾಗೇ ಕೈಗವಸು ಹಾಕ್ಕೊಂಡಿದ್ದೆ. ಅಂಚು ಹಿಡಿದೇ ತೆಗ್ದೆ. ಆದ್ರೂ ಬೋಳು ಅಂತ ಗೊತ್ತಾಗ್ಲಿಲ್ಲ.”

“ಕೇಳಿದ್ರೆ ಕೊಡ್ತಿದ್ನಲ್ಲೇ. ಇಲ್ಲ, ಕೊಡ್ತಿರ್ಲಿಲ್ಲ. ಬೇರೆ ಹುಡುಕಿ ಕೊಡ್ತಿದ್ದೆ.” ಅಜ್ಜ ಅವಳ ಕೈ ಮೇಲೆ ಕೈಯಿಟ್ಟರು. “ನಾಣ್ಯ ಹೋದ್ರೆ ಹೋಗ್ಲಿ. ನಂಗೆ ತಲೆ ಕೆಡ್ತಾ ಇದೆ ಅಂತ ಹೆದರಿಹೋಗಿದ್ದೆ ಪುಟ್ಟಿ.”

ಬ್ರಿಟಾಳ ಕಣ್ಣು ತುಂಬಿತು. ಕಾರಿನ ಹಿಂದಿನ ಸೀಟಿನಲ್ಲಿ ನೆಲ್ಸ್ ಪಕ್ಕ ಕೂತು ಕಿಟಕಿಯ ಕಡೆ ಮುಖ ಮಾಡಿದಳು. ನೆಲ್ಸ್ ಅವಳ ಮುಖ ನೋಡಿ ನೋಡಿ, ಕೊನೆಗೆ ನಾಣ್ಯ ತೆಗೆದು ಅವಳ ತೊಡೆಯ ಮೇಲಿಟ್ಟ.

“ಮುಟ್ಟು ಬೇಕಾದ್ರೆ. ಬರೀ ಕೈಲಿ ಮುಟ್ಬೇಕು.”

ಬ್ರಿಟಾ ಕೈಗವಸು ತೆಗೆದಳು. ಹೆಬ್ಬೆರಳನ್ನು ಅಂಚಿನ ಸುತ್ತ ಒಂದು ಸುತ್ತು ಓಡಿಸಿದಳು. ಎಲ್ಲೂ ಏನೂ ತಡೆಯಲಿಲ್ಲ. ಅಜ್ಜಿ ಸವರಿದ್ದು ಇದನ್ನೇ.

ಆಲ್ಬಮ್ ತೆರೆದಾಗಲೆಲ್ಲ ಅಜ್ಜ ಹತ್ತಿಯ ಕೈಗವಸು ಹಾಕಿಕೊಳ್ಳುತ್ತಿದ್ದದ್ದು ಅವಳಿಗೆ ನೆನಪಾಯಿತು. ಈ ಅಂಚನ್ನು ಅವರು ಬರಿಗೈಯಲ್ಲಿ ಮುಟ್ಟಿಯೇ ಇರಲಿಕ್ಕಿಲ್ಲ.

“ನೆಲ್ಸ್, ಅಜ್ಜಂಗೂ ಒಂದ್ಸಲ ಕೊಡ್ಲಾ?”

ನೆಲ್ಸ್ ಯೋಚಿಸಿ, “ಒಂದೇ ಸಲ,” ಎಂದ.

ಬ್ರಿಟಾ ಮುಂದಿನ ಸೀಟಿನ ಕಡೆ ನಾಣ್ಯ ಚಾಚಿದಳು. ಅಜ್ಜ ಬಲಗೈಯ ಕೈಗವಸು ತೆಗೆದು ಅದನ್ನು ತೆಗೆದುಕೊಂಡರು. ಮೆಲ್ಲಗೆ ಸವರಿದರು. ಕಾರು ಸ್ಟಾರ್ಟ್ ಮಾಡುವುದನ್ನೇ ಬಿಟ್ಟು ಮತ್ತೊಮ್ಮೆ ಸವರಿದರು.

“ಎರಡು ಸಲ ಆಯ್ತು!” ಎಂದ ನೆಲ್ಸ್.

“ಶ್!” ಎಂದಳು ಬ್ರಿಟಾ. “ಇರ್ಲಿ ಬಿಡು. ಇನ್ನೂ ಸ್ವಲ್ಪ ಹೊತ್ತು ಅಜ್ಜನ ಹತ್ರಾನೇ ಇರ್ಲಿ.”